ಮಾರ್ವಾ ಇಲ್ಲದ ತೊಂಬತ್ತಮೂರು ಮೈಲಿ

ಚಳಿಗಾಲಕ್ಕೆ ನಮ್ಮ ಅರಿಜೋನಾದ ಬಯಲಿಗೆ ಬಂದು ಇಳಿಯುವ, ಬಸ್ಸಿನಷ್ಟು ದೊಡ್ಡ ಮನೆಗಾಡಿಗಳಲ್ಲಿ ಒಂದೊಂದರ ಹತ್ತಿರವೂ ಒಂದೊಂದು ಬಿಟ್ಟುಹೋದ ಕಥೆ ಇದ್ದೇ ಇರುತ್ತದೆ. ಗಂಡ ಪೆಟ್ರೋಲ್ ಬಂಕಿನಲ್ಲಿ ಹೆಂಡತಿಯನ್ನು ಬಿಟ್ಟು ಹೊರಟಿದ್ದು, ಹೆಂಡತಿ ಗಂಡನನ್ನು ಬಿಟ್ಟು ಹೊರಟಿದ್ದು, ಇಬ್ಬರೂ ಸೇರಿ ನಾಯಿಯನ್ನು ಬಿಟ್ಟು ಹೊರಟಿದ್ದು! ಸಂಜೆ ಬೆಂಕಿ ಹಾಕಿ ಸುತ್ತ ಕುರ್ಚಿ ಎಳೆದುಕೊಂಡರೆ ಸಾಕು, ಶುರು. ಎಷ್ಟು ಮೈಲಿ ಹೋದ ಮೇಲೆ ಗೊತ್ತಾಯಿತು ಅನ್ನುವುದರ ಮೇಲೆ ಮರ್ಯಾದೆ. ಹನ್ನೆರಡು ಮೈಲಿ ಅಂದರೆ ಯಾರೂ ತಲೆ ಕೂಡ ಎತ್ತುವುದಿಲ್ಲ. ನಲವತ್ತಕ್ಕೆ ಒಂದು ನಗು ಸಿಗುತ್ತದೆ. ಕಳೆದ ನವೆಂಬರಿನಲ್ಲಿ ಗೇಲೆನ್ ಸ್ಟೆಂಗರ್ ಬಂದು ಕೂತು, ಕಾಲು ಚಾಚಿ, ತಣ್ಣಗೆ "ತೊಂಬತ್ತಮೂರು" ಅಂದ. ಬೆಂಕಿಯ ಸುತ್ತ ಕೂತವರೆಲ್ಲ ಚಪ್ಪಾಳೆ ಹೊಡೆದರು!

"ಅಲ್ಲ ಗೇಲೆನ್, ತೊಂಬತ್ತಮೂರು ಮೈಲಿ ಯಾರೂ ನಿನ್ನ ಡ್ರೈವಿಂಗ್ ಬೈಯ್ಲಿಲ್ಲ ಅಂದ್ರೆ ನಿಂಗೆ ಅನುಮಾನ ಬರ್ಲಿಲ್ವಾ?"

"ದೇವರು ಕೊನೆಗೂ ನನ್ನ ಮೊರೆ ಕೇಳ್ದ ಅಂದ್ಕೊಂಡೆ ಕಣಪ್ಪ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮಾರ್ವಾಳೂ ನಕ್ಕಳು, ಆದರೆ ನಗುತ್ತಲೇ ಕೋಟಿನೊಳಗೆ ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದಳು.

ಮಾರ್ವಾ ಅಂದರೆ ನನಗೆ ಎಷ್ಟು ಇಷ್ಟ ಅಂದರೆ, ಎಲ್ಲಿಂದ ಶುರು ಮಾಡಲಿ! ಎಪ್ಪತ್ತೊಂದು ವರ್ಷ, ಕುಳ್ಳಿ, ಕೈ ಮಾತ್ರ ಕುಸ್ತಿಯವರ ಕೈ. ಸೌತ್ ಡಕೋಟಾದ ಒಂದು ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳು. ಈಗಲೂ ಇಬ್ಬರಿಗೆ ಅಂತ ಹುರುಳಿಕಾಯಿ ಸೂಪಿಗೆ ಇಟ್ಟರೆ ನಲವತ್ತು ಜನಕ್ಕೆ ಆಗುತ್ತದೆ. ಆಮೇಲೆ ಪಾತ್ರೆ ಹೊತ್ತುಕೊಂಡು ಗಾಡಿಯಿಂದ ಗಾಡಿಗೆ ಹೋಗಿ ಹಂಚಿ ಬರುತ್ತಾಳೆ. ಗಂಡ ಗೇಲೆನ್ ಕರೆಂಟ್ ಕಂಬ ಹತ್ತುವ ಕೆಲಸದಲ್ಲಿದ್ದವನು. ಹತ್ತು ಜನ ಇದ್ದರೆ ಅವನಂಥ ಮಾತುಗಾರ ಇಲ್ಲ. ಹೆಂಡತಿ ಒಬ್ಬಳೇ ಇದ್ದರೆ ಹವಾಮಾನ, ಟೈರು, ಬ್ಯಾಟರಿ, ಅಷ್ಟೇ.

ಮಕ್ಕಳಿಲ್ಲ. ಹನ್ನೊಂದು ವರ್ಷದ ಹಿಂದೆ ಅಂಗಳದಲ್ಲೇ ಹರಾಜು ಕೂಗಿಸಿ ಮಂಚ, ಪಿಯಾನೋ, ಉಪ್ಪಿನಕಾಯಿ ಜಾಡಿ ಎಲ್ಲ ಮಾರಿ, ಮೂವತ್ತನಾಲ್ಕು ಅಡಿಯ ಈ ಗಾಡಿ ಹತ್ತಿದರು. ಆಸೆ ಗೇಲೆನ್‌ದು. ಮಾರ್ವಾ "ಒಂದೆರಡು ವರ್ಷ ತಾನೇ" ಅಂದುಕೊಂಡಿದ್ದಳಂತೆ. ಈಗ ಅವಳ ಹತ್ತಿರ ನಾಲ್ಕು ತಟ್ಟೆ ಇದೆ, ಒಂದು ಟೊಮೇಟೊ ಗಿಡ ಇದೆ. ಗಾಡಿ ಹೊರಟಾಗ ಗಿಡ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಕೂತು ಪ್ರಯಾಣ ಮಾಡುತ್ತದೆ. ಅದಕ್ಕೆ ಬಿಸಿಲು ಎಡಗಡೆಯಿಂದ ಬರುತ್ತದೋ ಬಲಗಡೆಯಿಂದ ಬರುತ್ತದೋ ಗೊತ್ತಾಗದೆ ತಿರುಚಿಕೊಂಡು ಬೆಳೆದಿದೆ.

ಆರು ವರ್ಷದ ಹಿಂದೆ ಐಡಾಹೋದ ಬೆವ್ ಅನ್ನುವವಳು ಒಂದು ಗಾಜಿನ ಪಾತ್ರೆ ತುಂಬ ಆಲೂಗಡ್ಡೆ ಬೇಯಿಸಿ ಕೊಟ್ಟಳು. ಮಾರ್ವಾ ತೊಳೆದು, ಖಾಲಿ ಕೊಡಬಾರದು ಅಂತ ಒಳಗೆ ಬಿಸ್ಕತ್ತು ತುಂಬಿಕೊಂಡು ಬೆಳಿಗ್ಗೆ ಹೋದರೆ ಅಲ್ಲಿ ಗಾಡಿಯೇ ಇಲ್ಲ, ಚಕ್ರದ ಗುರುತು ಮಾತ್ರ! ಆ ಪಾತ್ರೆಯನ್ನು ಇವಳು ಇವತ್ತಿಗೂ ಟವೆಲಿನಲ್ಲಿ ಸುತ್ತಿ ಹೊತ್ತುಕೊಂಡು ತಿರುಗುತ್ತಿದ್ದಾಳೆ.

"ಫೋನ್ ನಂಬರ್ ಇಲ್ವಾ?" ಅಂತ ನಾನು ಕೇಳಿದ್ದೆ.

"ನಂಬರ್ ಎಲ್ಲಿಂದ ಬರ್ಬೇಕು ಮಾರಾಯ್ತಿ? ಅವಳ ಮನೆತನದ ಹೆಸರೇ ಗೊತ್ತಿಲ್ಲ. ನಾಯಿ ಹೆಸರು ಪಿಕಲ್ ಅಂತ ಗೊತ್ತು. ಪಿಕಲ್ ಅಂತ ಕೂಗಿದ್ರೆ ಐಡಾಹೋದಲ್ಲಿ ಯಾರಾದ್ರೂ ಬಾಗ್ಲು ತೆಗೀತಾರಾ ಹೇಳು?"

ನಾವು ಲಾಂಡ್ರಿಯಲ್ಲಿ ಕೂತಿದ್ದೆವು. ಎದುರಿಗೆ ಗೇಲೆನ್‌ನ ಪೈಜಾಮ ಗರಗರ ತಿರುಗುತ್ತಿತ್ತು. ಗೇಲೆನ್ ಅವಳನ್ನು ಬಿಟ್ಟು ಹೊರಟ ಲಾರ್ಡ್ಸ್‌ಬರ್ಗ್‌ನಲ್ಲಿ ನಿಜವಾಗಿ ಏನಾಯಿತು ಅಂತ ಅವಳು ಅಲ್ಲೇ ಹೇಳಿದ್ದು.

ಅವತ್ತು ಬೆಳಿಗ್ಗೆ ನ್ಯೂ ಮೆಕ್ಸಿಕೋದ ಡೆಮಿಂಗ್‌ನಲ್ಲಿ ತಂಗಿದ್ದಾಗ ತಂಗಿ ಆರ್ಡಿಸ್ ಫೋನ್ ಮಾಡಿದ್ದಳು. ಆರ್ಡಿಸ್ ಇರುವುದು ಸೌತ್ ಡಕೋಟಾದ ಯಾಂಕ್ಟನ್‌ನಲ್ಲಿ. ಅವಳ ಪಕ್ಕದ ಪುಟ್ಟ ಮನೆ ಖಾಲಿಯಾಗುತ್ತಿದೆ, ಬೇಕಾದರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದೊಳಗೆ ಹೇಳಬೇಕು, ತಪ್ಪಿದರೆ ಬೇರೆಯವರಿಗೆ ಹೋಗುತ್ತದೆ. ಮಾರ್ವಾ ಹೊರಗೆ ಬಂದು ಗೇಲೆನ್ ಎದುರು ನಿಂತಳು.

"ನಾಳೆನೂ ಅದೇ ಮರ ಕಾಣೋ ಕಿಟಕಿ ನಂಗೆ ಬೇಕು ಗೇಲೆನ್. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಸುಮ್ನೆ ಮಾತ್ರ ಇರ್ಬೇಡ."

ಗೇಲೆನ್ ಬಗ್ಗಿ ಚಕ್ರ ನೋಡಿದ.

"ಈ ಟೈರಲ್ಲಿ ಗಾಳಿ ಕಮ್ಮಿ ಇದೆ" ಅಂದ.

ಅವಳು ಸೀದಾ ಹಿಂದಿನ ಮಲಗುವ ಕೋಣೆಗೆ ಹೋಗಿ ಮಡಿಸುವ ಬಾಗಿಲನ್ನು ದರ್ ಅಂತ ಎಳೆದುಕೊಂಡಳು. ಅರುವತ್ತು ಮೈಲಿ ಹಾಗೇ ಬಂದರು, ಅವನು ಮುಂದೆ, ಅವಳು ಹಿಂದೆ. ಲಾರ್ಡ್ಸ್‌ಬರ್ಗ್‌ನಲ್ಲಿ ಅವನು ಡೀಸೆಲ್ಲಿಗೆ ನಿಲ್ಲಿಸಿದ.

ಇಲ್ಲಿ ಎರಡು ವಿಷಯ ಹೇಳಬೇಕು. ಗಾಡಿಯಲ್ಲೇ ಬದುಕುವ ಯಾರೂ ಹೊರಗೆ ಶೌಚಾಲಯ ಇರುವಾಗ ತಮ್ಮದನ್ನು ಬಳಸುವುದಿಲ್ಲ. ಟ್ಯಾಂಕ್ ತುಂಬಿದರೆ ಖಾಲಿ ಮಾಡುವ ಕರ್ಮ ತಮ್ಮದೇ! ಇನ್ನೊಂದು, ಈ ದಂಪತಿಗೆ ಒಂದು ನಿಯಮ ಇತ್ತು, ಮಾಡಿದವಳೂ ಮಾರ್ವಾಳೇ. ಯಾರು ಕೆಳಗಿಳಿದರೂ ಬಟ್ಟೆಗೆ ಹಾಕುವ ಮರದ ಕ್ಲಿಪ್ಪನ್ನು ಸ್ಟೀರಿಂಗಿಗೆ ಸಿಕ್ಕಿಸಿ ಇಳಿಯಬೇಕು. ಕ್ಲಿಪ್ಪಿದ್ದರೆ ಗಾಡಿ ಹೊರಡುವ ಹಾಗಿಲ್ಲ.

ಗೇಲೆನ್ ಆ ಕಡೆ ಡೀಸೆಲ್ ಹಾಕುತ್ತಿದ್ದ. ಅವಳು ಮನೆಯ ಚಪ್ಪಲಿಯಲ್ಲೇ ಮುಂದೆ ಬಂದಳು. ಕ್ಲಿಪ್ಪು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು.

"ಮರ್ತೆಯಾ?" ಅಂದೆ.

"ಇಲ್ಲ." ಮಾರ್ವಾ ತಿರುಗುವ ಪೈಜಾಮವನ್ನೇ ನೋಡುತ್ತಿದ್ದಳು. "ನೋಡ್ದೆ, ಬೇಕಂತಲೇ ಹಾಕ್ಲಿಲ್ಲ. ಒಂದೈದು ನಿಮಿಷ ಹುಡುಕ್ಲಿ, ಮಾರ್ವಾ ಎಲ್ಲಿ ಅಂತ ಕೂಗ್ಲಿ ಅಂತ. ಐದೇ ನಿಮಿಷ!"

ಅಂಗಡಿಯ ಶೌಚಾಲಯಕ್ಕೆ ಹೋಗಿ ಹೊರಗೆ ಬಂದಾಗ ಗಾಡಿ ನಿಂತಿದ್ದ ಜಾಗದಲ್ಲಿ ಒಂದಿಷ್ಟು ಎಣ್ಣೆಯ ಕಲೆ. ದೂರದಲ್ಲಿ ತನ್ನದೇ ಮನೆ, ತನ್ನ ಹಾಸಿಗೆ, ತನ್ನ ಟೊಮೇಟೊ ಗಿಡ, ಹೆದ್ದಾರಿಗೆ ತಿರುಗುತ್ತಿದೆ! ಕೈ ಬೀಸಿಕೊಂಡು ಓಡಿದಳು. ಎಪ್ಪತ್ತೊಂದು ವರ್ಷದ ಕಾಲು ಎಷ್ಟು ಓಡೀತು? ಗಂಟೆ ಹನ್ನೊಂದೂ ಹತ್ತು.

ಅಂಗಡಿಯ ಕೌಂಟರಿನಲ್ಲಿ ಕೊನ್ಸುಯೆಲೊ ಅನ್ನುವ ಹೆಂಗಸು ಇದ್ದಳು. ಇವಳ ಚಪ್ಪಲಿ ನೋಡಿದ ತಕ್ಷಣ ಅವಳಿಗೆ ಅರ್ಥವಾಯಿತು.

"ಬನ್ನಿ ಅಮ್ಮಾ, ಕೂತ್ಕೊಳ್ಳಿ. ಈ ತಿಂಗಳು ನೀವು ಮೂರ್ನೇವ್ರು."

"ಉಳಿದಿಬ್ರನ್ನ ಬಂದು ಕರ್ಕೊಂಡ್ಹೋದ್ರಾ?"

"ಒಬ್ರನ್ನ ಕರ್ಕೊಂಡ್ಹೋದ್ರು. ಇನ್ನೊಬ್ರು ಯಾವ್ದೋ ಲಾರಿ ಹತ್ತಿ ಬೇರೆ ದಿಕ್ಕಿಗೆ ಹೋದ್ರು. ಖುಷಿಯಾಗೇ ಹೋದ್ರು ಅನ್ನಿ."

ಗಂಡಹೆಂಡತಿಗೆ ಇದ್ದದ್ದು ಒಂದೇ ಫೋನು, ಅದು ಗಾಡಿಯಲ್ಲಿ. ಅಂಗಡಿಯ ಫೋನಿನಿಂದ ಮಾಡಿದಳು. ಎತ್ತಲಿಲ್ಲ. ಓಡಿಸುವಾಗ ಎತ್ತುವುದಿಲ್ಲ, ಸರಿ. ಹಾಲಿನ ಖಾಲಿ ಕ್ರೇಟನ್ನು ಬೋರಲು ಹಾಕಿ ಕಿಟಕಿಯ ಪಕ್ಕ ಕೂತಳು. ಒಂದು ಗಂಟೆಗೆ ಅವನಿಗೆ ಹಸಿವಾಗುತ್ತದೆ, ನಿಲ್ಲಿಸುತ್ತಾನೆ, ಬಾಗಿಲು ತೆಗೆಯುತ್ತಾನೆ, ಎದೆ ಧಸಕ್ ಅನ್ನುತ್ತದೆ, ತಿರುಗಿಸಿಕೊಂಡು ಬರುತ್ತಾನೆ. ಮೂರು ಗಂಟೆಯೊಳಗೆ ಇಲ್ಲಿರುತ್ತಾನೆ. ಲೆಕ್ಕ ಸರಿಯಾಗಿತ್ತು, ಅದಕ್ಕೇ ಧೈರ್ಯವಾಗಿದ್ದಳು. ಕೊನ್ಸುಯೆಲೊ ಕೊಟ್ಟ, ಮೆಕ್ಕೆಜೋಳದ ಕಡುಬಿನಂಥ ಬಿಸಿ ತಮಾಲೆ ತಿಂದಳು, ಅಂಗಡಿಯ ಗಾಜು ಒರೆಸಿಕೊಟ್ಟಳು.

ಮೂರು ಆಯಿತು. ಮತ್ತೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮೂರೂಕಾಲಿಗೆ ಇನ್ನೊಮ್ಮೆ. ಮೂರೂವರೆ ಆಯಿತು, ನಾಲ್ಕು ಆಯಿತು.

"ಹನ್ನೊಂದು ವರ್ಷದಲ್ಲಿ ಎಷ್ಟು ಜನಕ್ಕೆ ಸೂಪ್ ಹಾಕಿದೀನಿ ಗೊತ್ತಾ ನಿಂಗೆ?" ಅಂದಳು ಮಾರ್ವಾ. "ನಾನೂರು, ಐನೂರು ಜನ. ಅಲ್ಲಿ ಕೂತು ಒಬ್ಬೊಬ್ರನ್ನೇ ನೆನಪು ಮಾಡ್ಕೊಂಡೆ, ಯಾರಿಗೆ ಫೋನ್ ಮಾಡಿ ಬಂದು ಕರ್ಕೊಂಡ್ಹೋಗಿ ಅನ್ನಲಿ ಅಂತ. ಒಬ್ರದ್ದೂ ಪೂರ್ತಿ ಹೆಸರು ಬರ್ಲಿಲ್ಲ. ಆರ್ಡಿಸ್ ಇರೋದು ಸಾವಿರ ಮೈಲಿ ಆಚೆ. ನನ್ನ ಹತ್ರ ಪರ್ಸಿಲ್ಲ, ಕೋಟಿಲ್ಲ, ನಾನು ಇಂಥವಳು ಅನ್ನೋಕೆ ಒಂದು ಚೀಟಿ ಇಲ್ಲ. ಕಿಟಕಿ ಆಚೆ ಒಂದು ಮರ ಇತ್ತು ನೋಡು, ಐದು ಗಂಟೆ ಹೊತ್ತು ಅದೇ ಮರ. ಕೇಳಿದ್ದು ಸಿಕ್ತಲ್ಲ ಅಂತ ನಗು ಬಂತು."

ನಾಲ್ಕೂವರೆಗೆ ಗಾಡಿ ಬಂತು. ಗೇಲೆನ್ ಇಳಿದು ಬಂದ, ಕೈಯಲ್ಲಿ ಅವಳ ಕೋಟು ಹಿಡಿದಿದ್ದ. "ಹಾಕ್ಕೋ, ಚಳಿ" ಅಂದ. ನಮ್ಮ ಬಯಲು ಮುಟ್ಟುವವರೆಗೆ ಇನ್ನೊಂದು ಮಾತಿಲ್ಲ. ಬೆಂಕಿಯ ಹತ್ತಿರ ಮಾತ್ರ ಅಷ್ಟು ಚೆನ್ನಾಗಿ ಕಥೆ ಹೇಳಿದ!

"ಅವನು ನಿಲ್ಲಿಸಿದ್ದು ಇದೇ ಅರಿಜೋನಾದ ಟೆಕ್ಸಸ್ ಕಣಿವೆ ಹತ್ರ, ದೊಡ್ಡ ಬಂಡೆಗಳಿವೆಯಲ್ಲ, ಅಲ್ಲಿ. ಹೋಗೋಕೆ ಒಂದೂ ಮುಕ್ಕಾಲು ಗಂಟೆ, ಬರೋಕೆ ಅಷ್ಟೇ. ಮೂರೂವರೆ. ನಾನು ಕೂತಿದ್ದು ಐದು ಗಂಟೆ ಮೇಲೆ. ಉಳಿದ ಎರಡು ಗಂಟೆ ಎಲ್ಲಿ ಹೋಯ್ತು?" ಅವಳು ಒಗೆದ ಬಟ್ಟೆ ಬುಟ್ಟಿಗೆ ತುರುಕಿದಳು. "ಹಬ್ಬ ನಾಡಿದ್ದು. ಆರ್ಡಿಸ್‌ಗೆ ಏನು ಹೇಳ್ಲಿ ನಾನು? ನಾನಿಲ್ಲ ಅಂತ ಗೊತ್ತಾದ ಮೇಲೂ ಎರಡು ಗಂಟೆ ಸುಮ್ನಿರೋ ಗಂಡನ ಜೊತೆ ಇರೋದಾ, ಒಬ್ಳೇ ಹೋಗೋದಾ?"

ಮುಂದಿನದ್ದನ್ನು ಅವಳು ನನಗೆ ಮಾರನೇ ದಿನ, ಅದೇ ಲಾಂಡ್ರಿಯಲ್ಲಿ, ಮಡಿಸಿದ ಒಂದೇ ಟವೆಲನ್ನು ಮೂರು ಸಲ ಬಿಚ್ಚಿ ಮಡಿಸುತ್ತಾ ಹೇಳಿದಳು.

ಹಿಂದಿನ ಮಧ್ಯಾಹ್ನ ಅವಳು ಲಾಂಡ್ರಿಯಿಂದ ಹೋದಾಗ ಗೇಲೆನ್ ಗಾಡಿಯ ಮೇಲೆ ಸೋಲಾರ್ ಹಲಗೆಯ ಬೋಲ್ಟ್ ಬಿಗಿಮಾಡುತ್ತಿದ್ದ. ಇವಳು ಕೆಳಗಿನಿಂದಲೇ ಕೂಗಿದಳು.

"ಗೇಲೆನ್, ಆ ಎರಡು ಗಂಟೆ ಎಲ್ಲಿದ್ದೆ?"

"ಯಾವ ಎರಡು ಗಂಟೆ?"

"ಬೆಂಕಿ ಹತ್ರ ಹೇಳ್ದೇ ಇರೋ ಎರಡು ಗಂಟೆ."

ಸ್ಪ್ಯಾನರ್ ಸದ್ದು ನಿಂತಿತು. ಅವನು ನಿಧಾನವಾಗಿ ಏಣಿಯಿಂದ ಇಳಿದು, ಕೊನೆಯ ಮೆಟ್ಟಿಲ ಮೇಲೆ ಕೂತ.

"ಅಲ್ಲೇ ಇದ್ದೆ. ಬಂಡೆ ನೋಡ್ತಾ."

"ನಾನಿಲ್ಲ ಅಂತ ಗೊತ್ತಾಗಿತ್ತಾ?"

"ಗೊತ್ತಾಗಿತ್ತು. ಕ್ಲಿಪ್ಪು ಹಾಕಿರ್ಲಿಲ್ಲ ನೀನು. ಮರೆಯೋಳಲ್ಲ. ಬೇಕಂತಲೇ ಇಳ್ಕೊಂಡೆ, ನನ್ನ ಬಿಟ್ಟು ಹೋದೆ ಅಂದ್ಕೊಂಡೆ."

"ಅಯ್ಯೋ ಪುಣ್ಯಾತ್ಮ! ಫೋನ್ ಮಾಡಿದ್ನಲ್ಲ, ಎತ್ತೋಕೇನಾಗಿತ್ತು?"

"ಎತ್ತಿದ್ರೆ ನೀನು ಹೇಳ್ಬಿಡ್ತಿದ್ದೆ."

"ಏನಂತ?"

"ಬರಲ್ಲ ಅಂತ."

"ಮತ್ತೆ ಯಾಕೆ ಬಂದೆ?" ಅಂದಳು.

"ಕೋಟು ಕಾಣ್ತು. ಬಾಗಿಲ ಹಿಂದೆ ನೇತಾಡ್ತಿತ್ತು. ನವೆಂಬರಲ್ಲಿ ಕೋಟು ಬಿಟ್ಟು ಯಾರೂ ಗಂಡನ್ನ ಬಿಟ್ಟು ಹೋಗಲ್ಲ."

ಅವಳಿಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ಆದರೂ ಒಂದು ಪ್ರಶ್ನೆ ಉಳಿದೇ ಇತ್ತು.

"ತೊಂಬತ್ತಮೂರು ಮೈಲಿ ಗೇಲೆನ್! ಹಿಂದಿನಿಂದ ಒಂದು ಕೆಮ್ಮಿಲ್ಲ, ಸೀನಿಲ್ಲ, ಒಂದ್ಸಲಾನೂ ಅನುಮಾನ ಬರ್ಲಿಲ್ವಾ?"

"ಕೇಳಿಸ್ಕೋತಿದೀಯ ಅಂದ್ಕೊಂಡಿದ್ದೆ."

"ಏನನ್ನ?"

ಗೇಲೆನ್ ಸ್ಪ್ಯಾನರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. "ಆ ಮನೆ ವಿಷ್ಯ. ಎಲ್ಲಾ ಹೇಳ್ದೆ. ಇಡೀ ದಾರಿ ಹೇಳ್ದೆ."

ಯೋಚಿಸಿ ನೋಡಿ! ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವನು ಬಾಯಿ ಬಿಟ್ಟಿದ್ದು ಅವತ್ತೊಂದೇ ದಿನ, ಅವತ್ತೊಂದೇ ದಿನ ಅವಳು ಹಿಂದೆ ಇರಲಿಲ್ಲ.

"ನಂಗೆ ಹೇಳು ಈಗ."

"ಹೇಳಿಯಾಯ್ತಲ್ಲ."

"ಖಾಲಿ ಹಾಸಿಗೆಗೆ ಹೇಳಿದೀಯ! ನಂಗೆ ಹೇಳು."

ಚಕ್ರದ ಕಡೆ ನೋಡಿದ. ಟೈರಿನ ಮಾತು ಬರುತ್ತದೆ ಅಂತ ಮಾರ್ವಾಗೆ ಗೊತ್ತಾಯಿತು. ಅವಳು ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ನೆಲಕ್ಕೆ ಹಾಕಿದಳು. "ಹೋಗಿ ನಿನ್ನ ಸೀಟಲ್ಲಿ ಕೂತ್ಕೋ" ಅಂದಳು. ತಾನು ಹಿಂದೆ ಹೋಗಿ, ಮಡಿಸುವ ಬಾಗಿಲು ಎಳೆದುಕೊಂಡು, ಹಾಸಿಗೆಯ ಮೇಲೆ ಮಲಗಿದಳು. "ಈಗ ಹೇಳು."

ಮುಂದೆ ಸೀಟು ಕಿರ್ ಅಂದಿತು. ಆಮೇಲೆ ಶುರುವಾಯಿತು. ಕಂಬದ ಮೇಲಿದ್ದಾಗ ಕೆಳಗಿನವರ ಜೊತೆ ಮಾತಾಡುವ ಹಾಗೆ ಸ್ವಲ್ಪ ಜೋರಾಗಿ, ಎದುರಿನ ಗಾಜಿಗೆ ಹೇಳುತ್ತಿದ್ದನಂತೆ. ಎಲ್ಲವನ್ನೂ ಮಾರ್ವಾ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಂಜೆಯಾದರೆ ರಸ್ತೆಯ ಗೆರೆ ಎರಡಾಗಿ ಕಾಣುತ್ತದೆ ಅಂದನಂತೆ. ಹೋಗೋಣ, ಹೂಂ, ಆ ಮನೆಗೇ ಹೋಗೋಣ ಅಂದನಂತೆ. ಆಮೇಲೆ, "ಇಲ್ಲಿದ್ರೆ ನಿಂಗೆ ನಾನೊಬ್ನೇ. ಅಲ್ಲಿ ನಿಂಗೆ ಆರ್ಡಿಸ್ ಇರ್ತಾಳೆ, ಮಾತಾಡೋಕೆ. ನಾನು ಯಾರ ಜೊತೆ ಸುಮ್ನೆ ಕೂತ್ಕೊಳ್ಲಿ?" ಅಂದನಂತೆ.

ಮಾರ್ವಾ ಎದ್ದು ಬಾಗಿಲ ಹಿಡಿಯ ಮೇಲೆ ಕೈ ಇಟ್ಟಳು. ಎಳೆದರೆ ಅವನು ತಿರುಗಿ ನೋಡುತ್ತಾನೆ, ನೋಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಎಳೆಯಲಿಲ್ಲ. ಅರ್ಧ ಗಂಟೆ ಹಾಗೇ ನಿಂತು, ಆ ಕಡೆ ತನ್ನ ಗಂಡ ತನ್ನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡಳು.

ಮಾತು ನಿಂತಿತು. ಆಮೇಲೆ ಅವನ ದನಿ, ಈ ಸಲ ಮೆಲ್ಲಗೆ.

"ಮಾರ್ವಾ? ಹಿಂದೆ ಇದೀಯಾ?"

"ಇದೀನಿ" ಅಂದಳು, ಬಾಗಿಲು ತೆಗೆಯದೆ.