ಅರ್ಧ ಕಾರಿನ ಡ್ರೈವರ್

ಕಾರ್ ರೇಸ್ ಎಂದರೆ ಒಬ್ಬ ಮನುಷ್ಯ, ಒಂದು ಕಾರು ಎಂದೇ ನಾನು ತಿಳಿದಿದ್ದೆ. ಹಾಲೆಂಡಿನ ಆ ಡ್ರೈವರ್ ಎಡಿಸನ್ ಊರಿನಲ್ಲಿದ್ದ ಅಕ್ಕನ ಮನೆಗೆ ಊಟಕ್ಕೆ ಬಂದ ದಿನ ಅದು ತಪ್ಪೆಂದು ಗೊತ್ತಾಯಿತು. ಅವನು ಓಡಿಸುತ್ತಿದ್ದದ್ದು ಗಂಟೆಗಟ್ಟಲೆ ನಡೆಯುವ ಸ್ಪೋರ್ಟ್ಸ್ ಕಾರ್ ರೇಸ್‌ಗಳಲ್ಲಿ. ಅಲ್ಲಿ ಒಂದೇ ಕಾರನ್ನು ಇಬ್ಬರೋ ಮೂವರೋ ಸರದಿಯಂತೆ ಓಡಿಸುತ್ತಾರೆ.

"ಹಾಗಾದ್ರೆ ಇವ ಅರ್ಧ ಕಾರಿನ ಡ್ರೈವರ್ ಅಲ್ವಾ?" ಎಂದಳು ಅಕ್ಕ. ಭಾವ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ನೀರುದೋಸೆ ಮಡಚುತ್ತಾ, "ಕೆಲವು ಸಲ ಮೂರನೇ ಒಂದು ಭಾಗ" ಎಂದು ನಕ್ಕ.

ಆ ವರ್ಷ ಉಳಿದರ್ಧ ನಮ್ಮ ಭಾವನೇ. ಮಂಗಳೂರಿನಿಂದ ಬಂದು ಹೈವೇ ಬದಿಯಲ್ಲಿ ಮೋಟೆಲ್‌ಗಳನ್ನು ನಡೆಸುತ್ತಿದ್ದ ಅವರಿಗೆ ಐವತ್ತು ದಾಟಿದ ಮೇಲೆ ಈ ಹುಚ್ಚು ಹಿಡಿದಿತ್ತು. ಇಂಥ ರೇಸ್‌ಗಳಲ್ಲಿ ಉತ್ಸಾಹಿ ಒಬ್ಬ ಖರ್ಚು ಹಾಕಿ ತಾನೂ ಓಡಿಸುತ್ತಾನೆ, ವೃತ್ತಿಯ ಡ್ರೈವರ್ ಅವನ ಜೊತೆ ಕಾರು ಹಂಚಿಕೊಳ್ಳುತ್ತಾನೆ. ಉತ್ಸಾಹಿ ಹಿಂದೆ ಸರಿದರೆ ವೃತ್ತಿಯವನಿಗೆ ಕಾರೇ ಇಲ್ಲ. ಯುರೋಪಿನಲ್ಲಿ ಇವನ ತಂಡಕ್ಕೆ ಹಣ ಕೊಡುತ್ತಿದ್ದ ಬ್ಯಾಂಕು ಕೈ ಎತ್ತಿದ್ದರಿಂದಲೇ ಇವನು ಸಮುದ್ರ ದಾಟಿ ಬಂದಿದ್ದ. ಭಾವನ ಹುಚ್ಚು ಇಳಿಯದಿದ್ದರೆ ಮಾತ್ರ ಅವನಿಗೆ ಮುಂದಿನ ವರ್ಷ ಕಾರು.

ನಾನಾಗ ಜರ್ಸಿ ಸಿಟಿಯ ಒಂದು ಹಣಕಾಸು ಕಂಪನಿಯಲ್ಲಿ ರಿಸ್ಕ್ ಲೆಕ್ಕ ಹಾಕುವ ಕೆಲಸದಲ್ಲಿದ್ದೆ. ವಾರಕ್ಕೊಬ್ಬರಾದರೂ ಕೆಲಸ ಕಳೆದುಕೊಂಡು ರಟ್ಟಿನ ಡಬ್ಬಿ ಹಿಡಿದು ಲಿಫ್ಟ್ ಇಳಿಯುತ್ತಿದ್ದ ಕಾಲ. ಭಾನುವಾರ ಟ್ರ್ಯಾಕಿಗೆ ಹೋದರೆ ಬೇರೆ ಲೋಕ. ಹಾಲೆಂಡಿನವನಿಗೆ ನನ್ನ ಪ್ರಶ್ನೆಗಳ ಕಾಟ. ಬಾಯಾರಿದರೆ ಏನು ಮಾಡುತ್ತೀಯ? ಇನ್ನೊಬ್ಬ ಕಾರು ಗುದ್ದಿಸಿ ತಂದರೆ ಸಿಟ್ಟು ಬರುವುದಿಲ್ಲವೇ? ಕಾರಿನಿಂದ ಇಳಿಯುವಾಗ ಹತ್ತುವವನಿಗೆ ಏನು ಹೇಳುತ್ತೀಯ?

"ಕಾರು ಹೇಗಿದೆ ಅಂತ ಮಾತ್ರ. ನಾನು ಹೇಗೆ ಓಡಿಸಿದೆ ಅಂತ ಹೇಳಬಾರದು" ಎಂದ.

ಒಂದು ಭಾನುವಾರದ ರೇಸಿನಲ್ಲಿ ಅವನು ತನ್ನ ಸರದಿ ಮುಗಿಸಿ, ಡ್ರೈವರ್ ಬದಲಾಗುವ ಪಿಟ್‌ಗೆ ಬಂದಾಗ ನಮ್ಮ ಕಾರೇ ಮುಂದಿತ್ತು. ಅವನು ಇಳಿದ, ಭಾವ ಹತ್ತಿದರು. ಇಳಿದವನೇ ಬಗ್ಗಿ ಹತ್ತಿದವನ ಬೆಲ್ಟು ಬಿಗಿಯುವುದು ಅಲ್ಲಿನ ಪದ್ಧತಿ. ಡ್ರೈವರ್ ಕುತ್ತಿಗೆಗೆ ಒಂದು ಗಟ್ಟಿ ಕಾಲರ್ ಹಾಕಿಕೊಂಡಿರುತ್ತಾನೆ. ಭುಜದ ಪಟ್ಟಿಗಳು ಆ ಕಾಲರ್ ಮೇಲೆಯೇ ಕೂತರೆ ಮಾತ್ರ, ಡಿಕ್ಕಿಯಾದಾಗ ಕುತ್ತಿಗೆ ಉಳಿಯುತ್ತದೆ. ಎಡಗಡೆಯ ಪಟ್ಟಿ ಜಾರಿತ್ತು. ಪೆಟ್ರೋಲ್ ತುಂಬಿಯಾಗಿತ್ತು, ಟೈರು ಬದಲಾಗಿತ್ತು, ತಂಡದ ಮುಖ್ಯಸ್ಥ ಹೋಗು ಹೋಗು ಎಂದು ಕಿರುಚುತ್ತಿದ್ದ. ಭಾವನೂ ಅವನ ಕೈಯನ್ನು ತಳ್ಳಿದರು. ಅವನು ಬಾಗಿಲಿನಿಂದ ಮೈ ಹೊರಗೆ ತೆಗೆಯಲೇ ಇಲ್ಲ. ಒಳಗೆ ಬಗ್ಗಿಕೊಂಡೇ ಪಟ್ಟಿ ಸಡಿಲಿಸಿ, ಕಾಲರ್ ಮೇಲೆ ಕೂರಿಸಿ, ಮತ್ತೆ ಬಿಗಿದ. ಅಷ್ಟರಲ್ಲಿ ಎರಡು ಕಾರುಗಳು ನಮ್ಮನ್ನು ದಾಟಿ ಹೋದವು. ಮುಖ್ಯಸ್ಥ ತನ್ನ ಹೆಡ್‌ಫೋನ್ ಕಿತ್ತು ನೆಲಕ್ಕೆ ಬಡಿದ.

ಸ್ವಲ್ಪ ಹೊತ್ತಿಗೆ, ಎದುರಿನ ಕಾರು ಗಿರ್ರನೆ ತಿರುಗಿ ಅಡ್ಡ ನಿಂತದ್ದನ್ನು ತಪ್ಪಿಸಲು ಹೋಗಿ ಭಾವ ನೇರವಾಗಿ ಗೋಡೆಗೆ ಹೊಡೆದರು.

ನಾನು ನೋಡಿದ್ದು ಪಿಟ್‌ನ ಟಿವಿಯಲ್ಲಿ. ಸದ್ದು ಮಾತ್ರ ದೂರದಿಂದ ನಿಜವಾಗಿಯೇ ಬಂತು, ತಡವಾಗಿ ಬರುವ ಟಿವಿ ಚಿತ್ರಕ್ಕಿಂತ ಒಂದು ಉಸಿರು ಮೊದಲು. ಈಗಲೂ ಹಿಂದಿನ ಬೀದಿಯಲ್ಲಿ ಕಸದ ಲಾರಿ ಡಬ್ಬ ಕುಕ್ಕಿದರೆ ನಾನು ಟಿವಿಯ ಕಡೆ ನೋಡುತ್ತೇನೆ. ರೇಡಿಯೋದಲ್ಲಿ ಮುಖ್ಯಸ್ಥ ಕರೆಯುತ್ತಲೇ ಇದ್ದ. ಆಮೇಲೆ ಒಂದು ಸಣ್ಣ ದನಿ:

"ಎಂತ ಆಯ್ತು ಮಾರಾಯ್ತಿ? ಲೈಟ್ ಹಾಕು."

ಎಲ್ಲರೂ ನನ್ನ ಕಡೆ ತಿರುಗಿದರು. "ಹೆಂಡತಿಯ ಹತ್ತಿರ ಮಾತಾಡ್ತಿದ್ದಾರೆ, ಮನೆಯಲ್ಲಿದ್ದೇನೆ ಅಂದ್ಕೊಂಡಿದ್ದಾರೆ" ಎಂದೆ. ಯಾರೋ ನಕ್ಕರು. ಹಾಲೆಂಡಿನವನು ನೆಲದ ಮೇಲೆ ಕೂತುಬಿಟ್ಟ.

ಪಕ್ಕೆಲುಬು ಮುರಿದಿತ್ತು, ಕುತ್ತಿಗೆಗೆ ಏನೂ ಆಗಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ವಾರ ಅಕ್ಕ ಹಾಲೆಂಡಿನವನನ್ನು ಊಟಕ್ಕೆ ಕರೆದಳು. ಭಾವ ತಟ್ಟೆ ನೋಡುತ್ತಾ ಕೂತಿದ್ದರು. ಮಾತಾಡಿದ್ದು ಅವಳೇ.

"ನೀನು ಇವರನ್ನು ಉಳಿಸಿಕೊಟ್ಟೆ. ಉಳಿದು ಬಂದವರನ್ನು ಮತ್ತೆ ಕಳಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ತಲೆಯಾಡಿಸಿದ. ಮೆಟುಚೆನ್ ರೈಲು ಸ್ಟೇಷನ್ನಿಗೆ ಅವನನ್ನು ನಾನೇ ಡ್ರಾಪ್ ಮಾಡಿದೆ. ಅವತ್ತು ಯಾಕೆ ಬಾಗಿಲಿನಿಂದ ಹೊರಗೆ ಬರಲಿಲ್ಲ ಎಂದು ದಾರಿಯಲ್ಲಿ ಕೇಳಿದೆ. ಗೆದ್ದಿದ್ದರೆ ಭಾವ ಮುಂದಿನ ವರ್ಷಕ್ಕೂ ಒಪ್ಪುತ್ತಿದ್ದರಲ್ಲ?

"ಪಟ್ಟಿ ಜಾರಿತ್ತು" ಎಂದ. ಪ್ರಶ್ನೆಯೇ ಅವನಿಗೆ ಅರ್ಥವಾದಂತಿರಲಿಲ್ಲ. ಇಳಿಯುವಾಗ ಮಾತ್ರ ಸಂಕೋಚದಿಂದ ಕೇಳಿದ: "ನಿಮ್ಮವರಲ್ಲಿ ವೇಗದ ಕಾರು ಇಷ್ಟಪಡುವ ಬೇರೆ ಯಾರಾದರೂ ಇದ್ದಾರಾ?"

ವಿಚಾರಿಸಿದೆ. ಡಾಕ್ಟರ್ ಅಂಕಲ್‌ಗಳು, ಹೋಟೆಲಿನವರು, ಎಲ್ಲರೂ "ಈ ಟೈಮಲ್ಲಾ?" ಎಂದರು. ಕೊನೆಗೆ ಬೆಂಗಳೂರಿನ ಶಿವಾಜಿನಗರದಿಂದ ಬಂದು ಎಡಿಸನ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಒಬ್ಬರು ತಾವಾಗಿಯೇ ಫೋನ್ ಮಾಡಿದರು.

"ಒಂದೇ ಮಾತು ಕೇಳ್ತೀನಮ್ಮ. ನೀವು ಅಲ್ಲೇ ಇದ್ರಂತೆ. ಸೇಫಾ?"

ಹೌದು ಎಂದರೆ ಅವನಿಗೊಂದು ಕಾರು ಸಿಗುತ್ತಿತ್ತು. ನನ್ನ ಕಣ್ಣ ಮುಂದೆ ಆ ಗೋಡೆ. "ಇಲ್ಲ" ಎಂದೆ. ನೋಡಿದ್ದೆಲ್ಲವನ್ನೂ ಹೇಳಿದೆ, ಬಾಗಿಲಲ್ಲಿ ಬಗ್ಗಿದ ಬೆನ್ನಿನಿಂದ ಹಿಡಿದು ರೇಡಿಯೋದ ದನಿಯವರೆಗೆ.

"ಹಿಂದೆ ಹಾರ್ನ್ ಹೊಡೀತಿದ್ರೂ ಬಾಗ್ಲು ಬಿಡ್ಲಿಲ್ವಾ ಆ ಪುಣ್ಯಾತ್ಮ?"

"ಹಾರ್ನ್ ಅಲ್ಲ, ಬೈತಾ ಇದ್ರು."

"ಅದೇ" ಎಂದರು. "ಅವನ ನಂಬರ್ ಕೊಡಿ."

ಮುಂದಿನ ವಸಂತದಲ್ಲಿ ಅವರಿಬ್ಬರೂ ಒಂದೇ ಕಾರಿನಲ್ಲಿ ರೇಸ್‌ಗೆ ಇಳಿದರು. ನನಗೂ ಪಾಸ್ ಕಳಿಸಿದ್ದರು. ನಾನು ಹೋಗಲಿಲ್ಲ.