ಕಾಲೇಜು ಬಿಟ್ಟವರ ಕಾರಣ ಹುಡುಕಲು ಹೋದದ್ದು

ಅರವತ್ತರ ದಶಕದ ನಡುಭಾಗ. ಸಾಗರದ ಒಂದು ಕಾಲೇಜಿನಲ್ಲಿ ನಾನು ತರ್ಕಶಾಸ್ತ್ರದ ಲೆಕ್ಚರರ್ ಆಗಿದ್ದೆ. ವಯಸ್ಸು ಇಪ್ಪತ್ಮೂರು, ಅನುಭವ ಸೊನ್ನೆ, ಕೋಟು ಒಂದು. ಪಿ.ಯು.ಸಿ.ಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೈಸ್ಕೂಲು ಮುಗಿಯುವವರೆಗೂ ಕನ್ನಡದಲ್ಲೇ ಓದಿದವರು. ನಾನು ಮೊದಲ ದಿನದಿಂದಲೇ ಅವರಿಗೆ ಇಂಗ್ಲಿಷಿನಲ್ಲಿ ನೋಟ್ಸ್ ಹೇಳತೊಡಗಿದೆ. ಆಗ ಕಾಲೇಜಿನ ಪಾಠವೆಂದರೆ ಅದೇ. ನಾವು ಹೇಳುವುದು, ಅವರು ತಲೆ ಬಗ್ಗಿಸಿ ಬರೆದುಕೊಳ್ಳುವುದು. ಗಂಟೆ ಹೊಡೆಯಲು ಒಂದು ನಿಮಿಷ ಇರುವಾಗ ನಾನು ಪುಸ್ತಕ ಮುಚ್ಚಿ, "ಎನಿ ಡೌಟ್ಸ್?" ಎಂದು ಕೇಳುತ್ತಿದ್ದೆ. ಇಡೀ ಕ್ಲಾಸು ಒಂದೇ ದನಿಯಲ್ಲಿ, "ನೋ ಸಾರ್" ಎನ್ನುತ್ತಿತ್ತು. ಯಾರಿಗೂ ಒಂದೂ ಸಂಶಯ ಬಾರದ ಹಾಗೆ ಪಾಠ ಮಾಡುವವನು ಈ ಮಲೆನಾಡಿನಲ್ಲಿ ನಾನೊಬ್ಬನೇ ಇರಬೇಕು ಎಂದುಕೊಂಡು ಸ್ಟಾಫ್ ರೂಮಿಗೆ ಹೋಗಿ ಕಾಫಿ ಕುಡಿಯುತ್ತಿದ್ದೆ.

ದಸರೆಗೆ ಮುಂಚೆ ಒಂದು ಪರೀಕ್ಷೆ ಕೊಟ್ಟೆ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹೊಸನಗರದ ಕಡೆಯ ಒಬ್ಬ ವಿದ್ಯಾರ್ಥಿ, ನನ್ನ ಬಾಯಿಂದ ಬಿದ್ದ ಒಂದು ಮಾತನ್ನೂ ಬಿಡದೆ ಬರೆದುಕೊಳ್ಳುತ್ತಿದ್ದವನು, ಸಿಲಾಜಿಸಂ ಎಂದರೇನು ಎಂಬ ಪ್ರಶ್ನೆಗೆ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದಿದ್ದ. ವ್ಯಾಖ್ಯೆ ಅರ್ಧಕ್ಕೆ ಬಂದಾಗ "ಕ್ಲೋಸ್ ದಟ್ ವಿಂಡೋ" ಎಂದಿತ್ತು. ಅದರ ಬೆನ್ನಿಗೇ ವ್ಯಾಖ್ಯೆಯ ಉಳಿದರ್ಧ. ಆ ಪಾಠ ಹೇಳುವಾಗ ಮಳೆಯ ಇರಚಲು ಒಳಗೆ ಬರುತ್ತಿತ್ತು, ಕಿಟಕಿ ಹಾಕಿ ಎಂದು ನಾನು ಯಾರಿಗೋ ಹೇಳಿದ್ದೆ. ಅದನ್ನೂ ಅವನು ಶ್ರದ್ಧೆಯಿಂದ ಬರೆದುಕೊಂಡು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿದ್ದ.

ಬುದ್ಧಿ ಇದ್ದವನಾಗಿದ್ದರೆ ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ನಾನು ಮಾಡುತ್ತಿರುವುದೇನು ಎಂದು ಒಂದು ಗಳಿಗೆ ಯೋಚಿಸಬೇಕಿತ್ತು. ನಾನು ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆ. ಕಿಟಕಿಯ ಹತ್ತಿರ ಬಂದಾಗ ಬೇಕೆಂದೇ ನಿಲ್ಲಿಸಿ, ಹುಬ್ಬು ಹಾರಿಸಿ, ಮತ್ತೊಮ್ಮೆ ಓದಿದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವನೂ ನಕ್ಕ. ಸ್ಟಾಫ್ ರೂಮಿನಲ್ಲಿ ಇನ್ನೊಂದು ಸಲ ಹೇಳಿ ಅಲ್ಲಿಯೂ ನಗಿಸಿದೆ. ಆ ವಾರ ನನಗೆ ತುಂಬಾ ಒಳ್ಳೆಯ ಹೆಸರಿತ್ತು.

ದೀಪಾವಳಿ ಕಳೆಯುವ ಹೊತ್ತಿಗೆ ಕ್ಲಾಸಿನಲ್ಲಿ ಬೆಂಚುಗಳು ಖಾಲಿ ಕಾಣತೊಡಗಿದವು. ಪ್ರಿನ್ಸಿಪಾಲರು ನನ್ನನ್ನು ಕರೆದು, "ಹುಡುಗ್ರು ಯಾಕ್ರೀ ಬಿಟ್ಟು ಹೋಗ್ತಿದಾರೆ? ಸ್ವಲ್ಪ ವಿಚಾರಿಸಿ" ಎಂದರು. ಅವರು ಹೇಳಿದ್ದು ಇಷ್ಟೇ. ನನ್ನ ಕಿವಿಗೆ ಮಾತ್ರ ಅದು ಸಂಶೋಧನೆ ಮಾಡಿ ಎಂದು ಕೇಳಿಸಿತು. ಒಂದು ವಾರ ಕೂತು ಇಂಗ್ಲಿಷಿನಲ್ಲಿ ಪ್ರಶ್ನಾವಳಿ ಬರೆದು, ಸೈಕ್ಲೋಸ್ಟೈಲ್ ಮಾಡಿಸಿದೆ. ಕಾಲೇಜು ಬಿಡಲು ಕಾರಣ ಎಂಬಲ್ಲಿ ಹನ್ನೊಂದು ಚೌಕಗಳು: ಅನಾರೋಗ್ಯ, ಬಡತನ, ಮದುವೆ, ಗದ್ದೆ ಕೆಲಸ, ಬಸ್ಸಿನ ಅಭಾವ, ಅಣೆಕಟ್ಟಿನ ಮುಳುಗಡೆ, ಹೀಗೆ. ಮೇಷ್ಟ್ರು ಎಂಬ ಚೌಕ ಇರಲಿಲ್ಲ. ಅದನ್ನು ಬೇಕೆಂದು ಬಿಟ್ಟದ್ದಲ್ಲ, ನನಗೆ ಹೊಳೆಯಲೇ ಇಲ್ಲ. ತರ್ಕಶಾಸ್ತ್ರದ ಮನುಷ್ಯನಿಗೆ!

ಮೊದಲು ತೀರ್ಥಹಳ್ಳಿಗೆ ಹೋದೆ. ಕಾಲೇಜು ಬಿಟ್ಟಿದ್ದ ಅಲ್ಲಿಯ ಒಬ್ಬ ವಿದ್ಯಾರ್ಥಿನಿಯ ತಂದೆ ಬಾಗಿಲಲ್ಲೇ, "ಮದ್ವೆ ಗೊತ್ತಾಗಿದೆ" ಎಂದು ಲಗ್ನಪತ್ರಿಕೆ ಕೈಗಿತ್ತರು. ಮದುವೆಯ ಚೌಕಕ್ಕೆ ಗುರುತು ಹಾಕಿ, ಸಂಶೋಧನೆ ಇಷ್ಟು ಸುಲಭವೇ ಎಂದು ಬೆರಗಾದೆ.

ಮುಂದಿನ ಭಾನುವಾರ ಹೊಸನಗರದ ಬಸ್ಸು ಹತ್ತಿದೆ. ಬಿಟ್ಟವರಲ್ಲಿ ಒಬ್ಬನಾದ ಮುಂದಿನ ಬೆಂಚಿನ ಆ ವಿದ್ಯಾರ್ಥಿಯ ಊರು ಡಾಂಬರು ರಸ್ತೆಯಿಂದ ಎರಡು ಮೈಲಿ ಒಳಗೆ. ಗೇಣಿ ಗದ್ದೆ ಮಾಡುವ ಮನೆ. ಕೊಯ್ಲಿನ ಕಾಲ. ನಾನು ಹೋದಾಗ ಅವನು ತನ್ನ ಎರಡರಷ್ಟು ದಪ್ಪದ ಭತ್ತದ ಹೊರೆ ಹೊತ್ತು ಕಣದ ಕಡೆ ಬರುತ್ತಿದ್ದ. ನನ್ನನ್ನು ಕಂಡವನೇ ಹೊರೆ ಇಳಿಸಿ, ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ.

"ಬಂದ್ರಾ ಸಾರ್," ಎಂದ.

ಅಂಗಳದಲ್ಲಿ ಚಾಪೆ ಹಾಕಿಸಿಕೊಂಡು ಕೂತು, ಪೆನ್ನಿನ ಮುಚ್ಚಳ ತೆಗೆದು, ಕಾಲೇಜು ಯಾಕೆ ಬಿಟ್ಟೆ ಎಂದು ಕೇಳಿದೆ.

"ಮೈಗೆ ಹುಷಾರಿರ್ಲಿಲ್ಲ ಸಾರ್."

ನನ್ನ ಕಣ್ಣೆದುರೇ ಆ ಹೊರೆ ಬಿದ್ದಿತ್ತು. ನಾನು ಎತ್ತಲು ಹೋಗಿದ್ದರೆ ಸೊಂಟ ಮುರಿಯುತ್ತಿತ್ತು. ಆದರೂ ಅನಾರೋಗ್ಯದ ಚೌಕಕ್ಕೆ ಅಂದವಾಗಿ ಗುರುತು ಹಾಕಿದೆ.

ಅವನ ತಾಯಿ ಊಟಕ್ಕೆ ಕರೆದರು. ನನ್ನನ್ನು ಮೇಷ್ಟ್ರೇ ಎಂದು ಕರೆದದ್ದಕ್ಕೆ, ಲೆಕ್ಚರರನಾದ ನನಗೆ ಒಳಗೊಳಗೇ ಬೇಸರವಾಯಿತು. ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ. ಎರಡು ತಿಂದು ಸಾಕು ಎಂದೆ. ಹಾಕಿದರು. ಮತ್ತೆ ಸಾಕು ಎಂದೆ. ಮತ್ತೆ ಹಾಕಿದರು. ಮೂರನೆಯ ಸಲ ಎಲೆಗೆ ಕೈ ಅಡ್ಡ ಹಿಡಿದಾಗ ಆಕೆ, "ಒಂದೇ ಸಲ ಕೇಳಿ ಸುಮ್ನಾದ್ರೆ ಹೆಂಗೆ ಮೇಷ್ಟ್ರೇ? ಬಂದೋರು ನಾಚ್ಕೆಗೆ ಸಾಕು ಅಂತಾರೆ. ಹಸಿವು ಅವ್ರಿಗೇ ಗೊತ್ತು," ಎಂದರು. ನಿಜಕ್ಕೂ ಹಸಿವಿತ್ತು. ತಿಂದೆ.

ಕೈ ತೊಳೆದು ಬಂದಾಗ ಗೋಡೆಯ ಗೂಡಿನಲ್ಲಿ ಅವನ ನೋಟ್ ಪುಸ್ತಕ ಕಂಡಿತು. ಹೊಸ ಪತ್ರಿಕೆಯ ಹಾಳೆಯ ಹೊದಿಕೆ ಹಾಕಿ, ಮೂಲೆ ಮುದುಡದ ಹಾಗೆ ಇಟ್ಟಿದ್ದ. ಬಿಡಿಸಿ ನೋಡಿದೆ. ನಾಲ್ಕು ತಿಂಗಳು ನಾನು ಆಡಿದ್ದೆಲ್ಲ ಅದರಲ್ಲಿತ್ತು. "ಸೈಲೆನ್ಸ್ ಪ್ಲೀಸ್" ಇತ್ತು. "ಲಾಸ್ಟ್ ಬೆಂಚ್, ಗೆಟ್ ಔಟ್" ಇತ್ತು. ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಅಡಿಗೆರೆ. ಯಾವುದು ಪಾಠ, ಯಾವುದು ನನ್ನ ಸಿಡುಕು ಎಂದು ಬೇರ್ಪಡಿಸಲು ಅವನಿಗೆ ದಾರಿಯೇ ಇರಲಿಲ್ಲ.

"ಪೂರಾ ಬಾಯಿಗೆ ಬರ್ತದೆ ಅವ್ನಿಗೆ," ಎಂದರು ತಾಯಿ. "ಗದ್ದೇಲೂ ಹೇಳ್ಕತಾ ಇರ್ತಿದ್ದ. ಒಂದಕ್ಷರ ತಿಳಿಯಲ್ಲ ಅಂತಿದ್ದ, ಆದ್ರೂ ಬಿಡ್ಲಿಲ್ಲ. ಅವತ್ತು ಎಲ್ರೂ ನಗಾಡಿದ್ರಂತಲ್ಲ, ಅವತ್ತೇ ಗಂಟು ಕಟ್ಕಂಡು ಬಂದ."

"ಅವ್ವಾ, ಸುಮ್ನಿರು," ಎಂದ ಅವನು.

ನಾಚಿಕೆಯಾದಾಗ ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ, ಎದುರಿನವನ ಮೇಲೆ ರೇಗಿದೆ. "ತಿಳಿಯದಿದ್ರೆ ಹೇಳಬಾರದಾ? ದಿನಾ ಕೇಳ್ತಿರಲಿಲ್ವಾ ನಾನು, ಎನಿ ಡೌಟ್ಸ್ ಅಂತ?"

ಅವನು ನೆಲ ನೋಡುತ್ತ, "ಕೇಳ್ತಿದ್ರಿ ಸಾರ್. ಒಂದೇ ಸಲ. ಕೇಳ್ತಾ ವಾಚು ನೋಡ್ಕಳ್ತಿದ್ರಿ," ಎಂದ.

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಕಂಡದ್ದನ್ನು ಹೇಳಿದ, ಅಷ್ಟೇ. ನಾನು ಕ್ಷಮಿಸು ಎನ್ನಬೇಕಿತ್ತು. ಆ ಮಾತು ಗಂಟಲವರೆಗೆ ಬಂತು, ಅಲ್ಲೇ ಕೋಟು ಹಾಕಿಕೊಂಡು ನಿಂತಿತು. ಬದಲಿಗೆ, ಕ್ರಿಸ್‌ಮಸ್ ರಜೆಯ ಒಳಗೆ ಬಂದರೆ ಪ್ರಿನ್ಸಿಪಾಲರಿಗೆ ಹೇಳಿ ಹಾಜರಿ ಸರಿ ಮಾಡಿಸುತ್ತೇನೆ, ಆಮೇಲೆ ಬಂದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಒಂದು ವರ್ಷ ಹೋಗುತ್ತದೆ, ಬರ್ತೀಯಾ ಎಂದು ಕೇಳಿದೆ.

"ಬರ್ತೀನಿ ಸಾರ್," ಎಂದ.

ಗೆದ್ದೆ ಎಂದುಕೊಂಡು ಎದ್ದೆ. ಬಸ್ಸಿನ ಹೊತ್ತೂ ಆಗಿತ್ತು. ಅವನು ಎರಡು ಮೈಲಿಯೂ ನನ್ನ ಹಿಂದೆ ಹಿಂದೆಯೇ ಬಂದು, ಬಸ್ಸು ಹೊರಡುವವರೆಗೂ ರಸ್ತೆ ಬದಿಯಲ್ಲಿ ನಿಂತಿದ್ದ. ಏನೋ ಹೇಳಲಿಕ್ಕಿದೆ ಅನ್ನಿಸಿತು. ನಾನು ಕಿಟಕಿಯಿಂದ ಕೈ ಬೀಸಿದೆ.

ಸಾಗರಕ್ಕೆ ಬಂದ ಮೇಲೆ ಸ್ವಲ್ಪ ಮನುಷ್ಯನಾದೆ ಎಂದು ಹೇಳಿಕೊಳ್ಳಲು ಆಸೆ. ಕ್ಲಾಸಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದ್ದು ಹೌದು. ಸಂಶಯ ಇದೆಯೇ ಎಂದು ಮೂರು ಮೂರು ಸಲ ಕೇಳತೊಡಗಿದ್ದೂ ಹೌದು. ಮೊದಲ ದಿನ ಯಾರೂ ಬಾಯಿ ಬಿಡಲಿಲ್ಲ, ಹಿಂದಿನ ಬೆಂಚಿನವರು ಕಿಸಕ್ಕೆಂದರು. ನಾಲ್ಕನೆಯ ದಿನ ಒಬ್ಬಳು ಎದ್ದು, "ಸಾರ್, ಶುರುವಿಂದ ಒಂದ್ಸಲ ಹೇಳ್ತೀರಾ?" ಎಂದಳು. ಶುರುವಿನಿಂದ ಎಂದರೆ ಜೂನ್ ತಿಂಗಳಿನಿಂದ! ಎದೆ ಧಸಕ್ಕೆಂದರೂ ಖುಷಿಯಾಯಿತು.

ಹೊಸನಗರದವನು ಮಾತ್ರ ಬರಲಿಲ್ಲ. ಇವತ್ತು ಬಂದಾನು, ನಾಳೆ ಬಂದಾನು ಎಂದು ಹಾಜರಿ ಪುಸ್ತಕದಲ್ಲಿ ಅವನ ಸಾಲನ್ನು ಖಾಲಿ ಬಿಟ್ಟಿದ್ದೆ. ಬರ್ತೀನಿ ಅಂದಿದ್ದಾನಲ್ಲ ಎಂದು ಸುಮ್ಮನಿದ್ದೆ. ರಜೆ ಬಂತು, ಗಡುವು ಕಳೆಯಿತು. ಆಗ ನನಗೆ ಅವನ ಮೇಲೆ ಸಿಟ್ಟೂ ಬಂತು. ನಾನೇ ಮನೆಗೆ ಹೋಗಿ ಕರೆದರೂ ಬಾರದವನಿಗೆ ಓದುವ ಮನಸ್ಸೇ ಇಲ್ಲ ಎಂದು ತೀರ್ಮಾನಿಸಿದೆ.

ಸಂಕ್ರಾಂತಿಯ ಮರುದಿನ ಬೇರೆ ಏನೋ ಕೆಲಸಕ್ಕೆ ಹೊಸನಗರಕ್ಕೆ ಹೋದವನು, ಒಂದು ಮಾತು ಕೇಳಿಯೇ ಬಿಡೋಣ ಎಂದು ಆ ಎರಡು ಮೈಲಿ ನಡೆದೆ. ಅವನು ಮನೆಯಲ್ಲಿರಲಿಲ್ಲ. ಹುಲಿಕಲ್ ಘಾಟಿಯಲ್ಲಿ ರಸ್ತೆ ಕೆಲಸಕ್ಕೆ ಸೇರಿ ವಾರವಾಗಿತ್ತು. ತಾಯಿ ಬಾಗಿಲಿಗೆ ಬಂದರು. ಈ ಸಲ ಕೂತ್ಕಳಿ ಎನ್ನಲು ಅವರಿಗೆ ತುಸು ಹೊತ್ತು ಹಿಡಿಯಿತು.

"ಬರ್ತೀನಿ ಅಂದಿದ್ದ, ಬರಲಿಲ್ಲ," ಎಂದೆ. ನನ್ನ ದನಿಯಲ್ಲಿ ದೂರಿತ್ತು.

"ಅಷ್ಟು ಜನದ ಮುಂದೆ ಒಬ್ನೇ ಹೆಂಗೆ ಬರ್ತಾನೆ ಮೇಷ್ಟ್ರೇ? ನೀವು ಇನ್ನೊಂದ್ಸಲ ಬರ್ತೀರಿ, ನಿಮ್ಮ ಸಂಗಡವೇ ಹೋಗ್ತೀನಿ ಅಂತಿದ್ದ. ಅಂಗಿ ಒಗ್ದು ಮಡ್ಚಿ ಇಟ್ಕಂಡಿದ್ದ. ಎರಡು ವಾರ, ದಿನಾ ಸಾಗರದ ಬಸ್ಸು ಬರೋ ಹೊತ್ತಿಗೆ ರಸ್ತೆಗೆ ಹೋಗಿ ನಿಂತು ಬರ್ತಿದ್ದ."

ಆ ಎರಡು ವಾರ ನಾನು ಎಲ್ಲಿದ್ದೆ ಎಂದು ಲೆಕ್ಕ ಹಾಕಲು ನನಗೆ ಕಷ್ಟವಾಗಲಿಲ್ಲ. ಬಾಡಿಗೆ ಕೋಣೆಯ ಮೇಜಿನ ಮುಂದೆ ಕೂತು, ವಿದ್ಯಾರ್ಥಿಗಳು ಕಾಲೇಜಿಗೆ ಮರಳಿ ಬಾರದಿರಲು ಕಾರಣಗಳು ಎಂಬ ವರದಿಯನ್ನು ಎರಡನೆಯ ಸಲ ಚಂದವಾಗಿ ಬರೆಯುತ್ತಿದ್ದೆ.