ಸೂಜಿಯಮ್ಮ ಬಿಚ್ಚಿದ ಹೊಲಿಗೆ

ವಿಮಾನ ಎಂದರೆ ಜನರಿಗೆ ಪೈಲಟ್ ಒಬ್ಬನೇ ನೆನಪಾಗುವುದು. ಅವನು ಕೂರುವ ಸೀಟನ್ನೂ ಯಾರೋ ಹೊಲಿದಿರುತ್ತಾರೆ ಎಂಬುದು ಯಾರ ತಲೆಗೂ ಹೊಳೆಯುವುದಿಲ್ಲ. ಊರಾಚೆಯ ಸಣ್ಣ ಏರ್‌ಫೀಲ್ಡಿನಲ್ಲಿ, ಒಂದೇ ಎಂಜಿನ್ನಿನ ಹಳೆಯ ಖಾಸಗಿ ವಿಮಾನಗಳನ್ನು ರಿಪೇರಿ ಮಾಡುವ ತಗಡಿನ ಶೆಡ್ಡಿನಲ್ಲಿ, ಆ ಸೀಟುಗಳನ್ನು ಹೊಲಿಯುತ್ತಿದ್ದವಳು ಸೂಜಿಯಮ್ಮ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಗಂಡ ಅದೇ ಶೆಡ್ಡಿನ ಮೆಕ್ಯಾನಿಕ್, ಎಲ್ಲರ ಬಾಯಲ್ಲೂ ಮೇಸ್ತ್ರಿ. ಮದುವೆಯಾದ ಹೊಸದರಲ್ಲಿ ಊಟದ ಡಬ್ಬಿ ಕೊಡಲು ಬಂದವಳು ಹರಿದ ಸೀಟೊಂದನ್ನು ಕಂಡು, "ಇದರ ಮೇಲೆ ನಾಯಿನೂ ಕೂರಲ್ಲ" ಎಂದು ಸೂಜಿ ಹಿಡಿದು ಕೂತಳು. ಕೂತವಳು ಮತ್ತೆ ಏಳಲೇ ಇಲ್ಲ. ಮಗಳು ಹುಟ್ಟಿ, ಬೆಳೆದು, ಗಂಡನ ಮನೆ ಸೇರಿದರೂ ಸೂಜಿಯಮ್ಮ ಆ ಶೆಡ್ಡಿನ ಮೂಲೆಯ ಹೊಲಿಗೆ ಮೆಷಿನ್ ಬಿಟ್ಟು ಕದಲಲಿಲ್ಲ.

ಮೇಸ್ತ್ರಿಗೆ ಒಂದು ಹುಚ್ಚಿತ್ತು. ಗೋಡೆಗೆ ಬಡಿದ ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರ್, ಇಕ್ಕಳ, ಸ್ಕ್ರೂಡ್ರೈವರ್‌ನ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದಿಟ್ಟಿದ್ದ. ದಿನಾ ಸಂಜೆ ಎಲ್ಲ ಸಾಮಾನು ಅದರದರ ಜಾಗಕ್ಕೆ ಬರಬೇಕು. ಎಲ್ಲಾದರೂ ಬರಿ ಕೆಂಪು ಕಂಡಿತೋ, ತಲೆ ಮೇಲೆ ತಲೆ ಬಿದ್ದರೂ ವಿಮಾನ ಹೊರಗೆ ಹೋಗುವಂತಿಲ್ಲ. ಮರೆತುಹೋದ ಒಂದು ಸ್ಪ್ಯಾನರ್ ನೆಲದಡಿಯ ಕೇಬಲ್ಲಿಗೆ ಸಿಕ್ಕಿಕೊಂಡರೆ ಮೇಲೆ ಹೋದವರಿಗೆ ವಿಮಾನ ತಿರುಗಿಸಲು ಆಗುವುದಿಲ್ಲ, ಆಮೇಲೆ ದೇವರೇ ಗತಿ. ಸ್ವಂತ ಮಗಳ ಮದುವೆಯ ಬೆಳಿಗ್ಗೆಯೂ ಒಂದು ಸ್ಕ್ರೂಡ್ರೈವರ್ ಸಿಗಲಿಲ್ಲವೆಂದು ವಿಮಾನದ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡಿದ್ದ. ಮದುಮಗಳೇ ಬಂದು ಕಾಲು ಹಿಡಿದು ಎಳೆದರೂ, ಅದು ಸಿಕ್ಕ ಮೇಲೆಯೇ ಹೊರಗೆ ಬಂದ. ಪಕ್ಕದೂರಿನ ಏರ್‌ಫೀಲ್ಡಿನಲ್ಲಿ ಇನ್ನೊಬ್ಬ ಮೆಕ್ಯಾನಿಕ್ ಇದ್ದ. ಅವನಿಗೆ ಮೇಸ್ತ್ರಿ ಇಟ್ಟ ಹೆಸರು ಆಮೆ. "ಅವನು ಒಂದು ಬೋಲ್ಟ್ ಬಿಗಿ ಮಾಡೋ ಹೊತ್ತಿಗೆ ನಮಗೆ ಮೊಮ್ಮಕ್ಕಳಾಗ್ತವೆ" ಎಂದು ಆಡಿಕೊಂಡು ನಗುತ್ತಿದ್ದ.

ಆ ವರ್ಷ ದನದ ಡಾಕ್ಟರಮ್ಮ ಒಬ್ಬಳು ದೂರದ ಫಾರಂಗಳಿಗೆ ಓಡಾಡಲೆಂದು ಹಳೆಯ ವಿಮಾನವೊಂದನ್ನು ಕೊಂಡು ತಂದಳು. ಇಂಥದ್ದನ್ನು ಕೊಳ್ಳುವ ಮುಂಚೆ ಮೆಕ್ಯಾನಿಕ್ ಒಬ್ಬನನ್ನು ಕರೆದೊಯ್ದು ಒಳಗೆಲ್ಲ ಬಿಚ್ಚಿಸಿ ನೋಡಬೇಕು. ಈಕೆ ಹೊಸ ಬಣ್ಣಕ್ಕೆ ಮರುಳಾಗಿದ್ದಳು. ಹಸು ಕೊಳ್ಳುವವರಿಗೆ ಹಲ್ಲು ನೋಡಿ, ಕೆಚ್ಚಲು ನೋಡಿ ಎಂದು ಬುದ್ಧಿ ಹೇಳುವವಳೂ ಇವಳೇ! ಮೇಸ್ತ್ರಿ ಕಾರ್ಪೆಟ್ ಎತ್ತಿದರೆ ಕೆಳಗಿನ ತಗಡನ್ನು ಕಿಲುಬು ತಿಂದುಹಾಕಿತ್ತು. ರೆಕ್ಕೆಯ ಮುಚ್ಚಳ ತೆಗೆದರೆ ಇಲಿಗೂಡು. ಹೊಗೆ ಕೊಳವೆಯಲ್ಲಿ ಬೆರಳುದ್ದದ ಬಿರುಕು.

"ಮೇಲೆ ಥಳುಕು, ಒಳಗೆ ಹುಳುಕು ಅಂದ್ರೆ ಇದೇ ನೋಡಿ ಡಾಕ್ಟ್ರೇ" ಎಂದ ಮೇಸ್ತ್ರಿ.

ಡಾಕ್ಟರಮ್ಮ ಮುಖ ಸಣ್ಣದು ಮಾಡಿಕೊಂಡು, "ಬದುಕುತ್ತಾ?" ಎಂದು ಕೇಳಿದಳು.

"ಬದುಕದೆ ಏನು. ಸ್ವಲ್ಪ ತಾಳ್ಮೆ ಬೇಕು."

ತಗಡು ಬದಲಾಯಿತು, ಕೊಳವೆ ಹೊಸದಾಯಿತು, ಎಂಜಿನ್ ಬಿಚ್ಚಿ ತೊಳೆದು ಮತ್ತೆ ಕೂರಿಸಿದ್ದಾಯಿತು. ಸೂಜಿಯಮ್ಮ ಹಳೆಯ ಸೀಟುಗಳನ್ನು ಚೌಕಟ್ಟಿನವರೆಗೆ ಸುಲಿದು, ಹೊಸ ಸ್ಪಂಜು ಕತ್ತರಿಸಿ, ಕಂದು ಬಣ್ಣದ ದಪ್ಪ ಬಟ್ಟೆ ಹೊದಿಸಿದಳು. ಒಳಗೋಡೆಗೂ ಅದೇ ಬಟ್ಟೆ. ಮೂಲೆಗಳಿಗೆ ಮೆಷಿನ್ ಹೋಗುವುದಿಲ್ಲ, ಅದನ್ನೆಲ್ಲ ಮಂಡಿಯೂರಿ ಕೈಯಲ್ಲೇ ಹೊಲಿದಳು. ತನ್ನ ಕೆಲಸವನ್ನು ತಾನೇ ಹೊಗಳಿಕೊಳ್ಳುವ ಜಾಯಮಾನ ಅವಳದಲ್ಲ. ಆದರೂ ಮುಗಿದ ದಿನ ಹಿಂದಿನ ಸೀಟಿನಲ್ಲಿ ಕೂತು, ಕೈಯಾಡಿಸಿ, ಒಬ್ಬಳೇ ನಕ್ಕಳು.

ಮನೆಯಲ್ಲಿ ಮಾತ್ರ ನಗುವಂಥದ್ದು ಏನೂ ಇರಲಿಲ್ಲ. ಕೆಲವು ತಿಂಗಳಿಂದ ಮೇಸ್ತ್ರಿ ಮರೆಯತೊಡಗಿದ್ದ. ಗ್ಯಾಸ್ ಹಚ್ಚಿ ಹಾಗೇ ಎದ್ದುಹೋಗುತ್ತಿದ್ದ. ಊಟ ಮಾಡಿ ಕೈ ತೊಳೆದವನು, "ಊಟಕ್ಕೆ ಏನಿದೆ?" ಎನ್ನುತ್ತಿದ್ದ. ಸೂಜಿಯಮ್ಮ ಯಾರಿಗೂ ಬಾಯಿ ಬಿಡಲಿಲ್ಲ. ಅವನ ಮರೆವನ್ನೆಲ್ಲ ತನ್ನ ಮೇಲೆ ಹಾಕಿಕೊಂಡು, "ಅಯ್ಯೋ, ನಾನೇ ಆರಿಸೋಕೆ ಮರೆತೆ" ಎನ್ನುತ್ತಿದ್ದಳು. ಅವಳಿಗೆ ಇದ್ದದ್ದು ಒಂದೇ ಧೈರ್ಯ: ಶೆಡ್ಡಿಗೆ ಕಾಲಿಟ್ಟರೆ ಗಂಡ ಮೊದಲಿನಂತೆಯೇ ಆಗಿಬಿಡುತ್ತಾನೆ, ಕೈಗೆ ಮರೆವಿಲ್ಲ, ಮರೆವೇನಿದ್ದರೂ ಮನೆಯ ಹೊಸಿಲಿನೊಳಗೆ ಎಂದು ನಂಬಿದ್ದಳು.

ವಿಮಾನ ಒಪ್ಪಿಸುವ ದಿನ ಬಂತು. ಡಾಕ್ಟರಮ್ಮ ಇನ್ನೂ ಶಾಲೆಗೆ ಸೇರದ ಮಗಳನ್ನೂ ಕರೆತಂದಿದ್ದಳು. ಮೊದಲ ಸುತ್ತು ಡಾಕ್ಟರಮ್ಮನೂ ಮೇಸ್ತ್ರಿಯೂ, ಎರಡನೆಯದು ತನ್ನದು ಎಂದು ಮಗು ಆಗಲೇ ತೀರ್ಮಾನ ಮಾಡಿತ್ತು. ಮೇಸ್ತ್ರಿ ಒಗೆದ ಅಂಗಿ ಹಾಕಿಕೊಂಡು, ಪದ್ಧತಿಯಂತೆ ಕೊನೆಯ ಸಲ ಹಲಗೆಯ ಕಡೆ ನೋಡಿದ. ಒಂದು ಕಡೆ ಬರಿ ಕೆಂಪು.

ಇಲ್ಲದ್ದು ಉದ್ದ ಹಿಡಿಯ ಪುಟ್ಟ ಕನ್ನಡಿ, ಹಲ್ಲಿನ ಡಾಕ್ಟರ ಹತ್ತಿರ ಇರುವಂಥದ್ದು. ಕಣ್ಣು ತಲುಪದ ಸಂದಿಗಳನ್ನು ಮೇಸ್ತ್ರಿ ಅದರಲ್ಲೇ ನೋಡುತ್ತಿದ್ದುದು.

"ನಿನ್ನೆ ಸಂಜೆ ಹಲಗೆ ನೋಡಿದ್ದೆ, ಭರ್ತಿ ಇತ್ತು. ಬೆಳಿಗ್ಗೆ ಒಳಗೆ ಬಗ್ಗಿದಾಗ ಜೇಬಿನಿಂದ ಜಾರಿ ಯಾವುದೋ ಸಂದಿಗೆ ಬಿದ್ದಿರಬೇಕು. ಎಲ್ಲ ಬಿಚ್ಚಬೇಕು" ಎಂದ.

"ಎಲ್ಲ ಅಂದ್ರೆ?" ಡಾಕ್ಟರಮ್ಮನ ದನಿ ಸಣ್ಣದಾಯಿತು.

"ಸೀಟು, ಬಟ್ಟೆ, ನೆಲ. ಎಲ್ಲ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸೂಜಿಯಮ್ಮ ಕತ್ತರಿ ತಗೊಂಡು ಬಂದು, ಕೈಯಲ್ಲಿ ಹಾಕಿದ ಹೊಲಿಗೆಯನ್ನು ಕೈಯಾರೆ ಬಿಚ್ಚಿದಳು. ಹೊಟ್ಟೆ ಉರಿಯಿತು, ನಿಜ. ಆದರೆ ಅದರ ಜೊತೆಗೆ ಹೆಮ್ಮೆಯೂ ಆಯಿತು: ನೋಡಿ, ನನ್ನ ಗಂಡ ಬಿಡುವವನಲ್ಲ! ಸೀಟುಗಳು ಒಂದೊಂದಾಗಿ ಶೆಡ್ಡಿನ ನೆಲಕ್ಕಿಳಿದವು. ನೆಲದ ತಗಡು ತೆಗೆದು, ಟಾರ್ಚ್ ಬಿಟ್ಟು, ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರು. ಕನ್ನಡಿ ಸಿಗಲಿಲ್ಲ.

ಮಧ್ಯಾಹ್ನ ಎಲ್ಲರಿಗೂ ತಿನ್ನಲು ಏನಾದರೂ ತರೋಣವೆಂದು ಸೂಜಿಯಮ್ಮ ಏರ್‌ಫೀಲ್ಡಿನ ಬೇಲಿಯಾಚೆಯ ಮನೆಗೆ ಹೋದಳು. ಬಚ್ಚಲುಮನೆಯಲ್ಲಿ ಕೈ ತೊಳೆದು ತಲೆಯೆತ್ತಿದರೆ, ಹಲ್ಲುಜ್ಜುವ ಬ್ರಷ್‌ಗಳ ಲೋಟದಲ್ಲಿ, ಅವಳ ಬ್ರಷ್ಷಿಗೂ ಅವನ ಬ್ರಷ್ಷಿಗೂ ನಡುವೆ ಕನ್ನಡಿ ನಿಂತಿತ್ತು.

ಕನ್ನಡಿ ಮನೆಗೆ ಬಂದಿದೆ ಎಂದರೆ ನಿನ್ನೆ ಸಂಜೆ ಅವನು ಹಲಗೆ ನೋಡಿಯೇ ಇಲ್ಲ. ನೋಡಿದೆ ಎಂದುಕೊಂಡಿದ್ದಾನೆ ಅಷ್ಟೇ. ಮರೆವು ಹೊಸಿಲು ದಾಟಿ ಎಂದೋ ಶೆಡ್ಡಿಗೆ ಹೋಗಿತ್ತು. ಸೂಜಿಯಮ್ಮ ಬಚ್ಚಲಿನ ನೆಲದ ಮೇಲೆಯೇ ಕೂತು ಅತ್ತಳು. ಆಮೇಲೆ ಮುಖ ತೊಳೆದು, ಕನ್ನಡಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಬ್ರೆಡ್ಡು ಹಣ್ಣು ಚೀಲಕ್ಕೆ ತುಂಬಿಕೊಂಡು ಹೊರಟಳು.

ದಾರಿಯಲ್ಲೇ ಉಪಾಯ ಹೊಳೆಯಿತು. ವಿಮಾನದ ನೆಲ ಬಿಚ್ಚಿ ಬಿದ್ದಿದೆ. ಬಗ್ಗಿದಂತೆ ಮಾಡಿ ಕೇಬಲ್ಲಿನ ಪಕ್ಕ ಕನ್ನಡಿ ಜಾರಿಸಿ, "ಇಲ್ಲೇ ಇದೆ ನೋಡ್ರೀ!" ಎಂದು ಕೂಗಿದರೆ ಆಯಿತು. ಗಂಡನ ಮಾನ ಉಳಿಯುವುದಷ್ಟೇ ಅಲ್ಲ, ಮೇಸ್ತ್ರಿ ಹಟ ಹಿಡಿದು ಬಿಚ್ಚಿಸಿದ್ದಕ್ಕೆ ಎರಡು ಜೀವ ಉಳಿಯಿತು ಎಂದು ಏರ್‌ಫೀಲ್ಡೆಲ್ಲ ಹೊಗಳುತ್ತದೆ. ಇಷ್ಟು ತಿಂಗಳು ಮನೆಯಲ್ಲಿ ಎಷ್ಟೋ ಸುಳ್ಳು ಹೇಳಿದ್ದಾಳೆ, ಇದೊಂದು ಹೆಚ್ಚೇ?

ಶೆಡ್ಡಿಗೆ ಬಂದಾಗ ಮೇಸ್ತ್ರಿ ಬಾಲದ ಕಡೆ ಹುಡುಕುತ್ತಿದ್ದ. ಡಾಕ್ಟರಮ್ಮ ಅವನಿಗೆ ಟಾರ್ಚ್ ಹಿಡಿದಿದ್ದಳು. ಸೂಜಿಯಮ್ಮ ವಿಮಾನದ ಬಾಗಿಲಲ್ಲಿ ಬಗ್ಗಿದಳು. ಕೈ ಜೇಬಿಗೆ ಹೋಯಿತು.

"ಅಜ್ಜೀ" ಎಂದಿತು ಮಗು. ಕೆಳಗಿಳಿಸಿದ ಹಿಂದಿನ ಸೀಟಿನ ಮೇಲೆ ಕೂತು, ಬೆಲ್ಟನ್ನು ತಾನೇ ಹಾಕಿಕೊಂಡಿತ್ತು. "ನಾನು ರೆಡಿ. ತಾತಂಗೆ ಬೇಗ ಮಾಡೋಕೆ ಹೇಳು."

ಸೂಜಿಯಮ್ಮನ ಕೈ ಜೇಬಿನಲ್ಲೇ ನಿಂತಿತು. ಈ ಬಟ್ಟೆ, ಈ ಸ್ಪಂಜು, ಈ ಹೊಲಿಗೆ ಅವಳದು. ಅದರ ಮೇಲೆ ಬೇರೆಯವರ ಮಗು ಕೂತಿತ್ತು. ಎಂಜಿನ್ನಿನ ಪ್ರತಿಯೊಂದು ಬೋಲ್ಟನ್ನೂ ಮೇಸ್ತ್ರಿ ನಿಜಕ್ಕೂ ಬಿಗಿಮಾಡಿದ್ದನೋ, ಬಿಗಿಮಾಡಿದೆ ಎಂದುಕೊಂಡಿದ್ದನೋ, ಯಾರಿಗೆ ಗೊತ್ತು? ಗಂಡನ ಮೇಲಿನ ಪ್ರೀತಿಗೆ ಇನ್ನೊಬ್ಬರ ಮಗುವನ್ನು ಅಡವಿಡಲು ಅವಳಿಂದ ಆಗಲಿಲ್ಲ.

"ರೀ, ಸ್ವಲ್ಪ ಬನ್ರೀ ಇಲ್ಲಿ" ಎಂದು ಅವನನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದು ಕನ್ನಡಿ ತೆಗೆದು ಕೊಟ್ಟಳು.

"ಸಿಕ್ತಾ! ಎಲ್ಲಿತ್ತು?"

"ಮನೇಲಿ. ಬ್ರಷ್ ಲೋಟದಲ್ಲಿ."

ಮೇಸ್ತ್ರಿಯ ಮುಖ ಕೆಂಪೇರಿತು. "ನೀನೇ ತಗೊಂಡು ಹೋಗಿರ್ತೀಯ. ಈಚೆಗೆ ನಿಂಗೆ ಮರೆವು ಜಾಸ್ತಿ. ಗ್ಯಾಸ್ ಆರಿಸೋದೇ ನೆನಪಿರಲ್ಲ."

ಅವಳೇ ಹೇಳಿಕೊಟ್ಟ ಸುಳ್ಳು ಅವಳಿಗೇ ಬಂದು ಬಡಿಯಿತು. ಸೂಜಿಯಮ್ಮ ತುಂಬಿದ ಕಣ್ಣಲ್ಲಿ ಅವನನ್ನೇ ನೋಡುತ್ತ ನಿಂತಳು. ಮೇಸ್ತ್ರಿ ಕನ್ನಡಿಯನ್ನು ತಿರುಗಿಸಿ ನೋಡಿದ, ತನ್ನ ಅಂಗಿಯ ಜೇಬು ಮುಟ್ಟಿಕೊಂಡ, ಅವಳ ಮುಖ ನೋಡಿದ. ಕೋಪ ಇಳಿದುಹೋಗಿ, ಆ ಜಾಗದಲ್ಲಿ ಭಯ ಬಂತು. ಅಷ್ಟು ವರ್ಷದ ಸಂಸಾರದಲ್ಲಿ ಆ ಮುಖದಲ್ಲಿ ಭಯವನ್ನು ಅವಳು ಕಂಡಿರಲಿಲ್ಲ.

ಒಳಗೆ ಹೋಗಿ ಕನ್ನಡಿಯನ್ನು ಹಲಗೆಗೆ ಸಿಕ್ಕಿಸಿದ. "ಡಾಕ್ಟ್ರೇ, ಇದು ಒಳಗೆ ಬಿದ್ದಿರಲಿಲ್ಲ, ನಾನೇ ಮನೆಗೆ ಒಯ್ದು ಮರೆತಿದ್ದೆ. ನಿಮ್ಮ ವಿಮಾನ ಇವತ್ತು ಹಾರಲ್ಲ. ಪಕ್ಕದೂರಿನವನನ್ನ ಕರೆಸ್ತೀನಿ. ನಾನು ಮುಟ್ಟಿದ್ದನ್ನೆಲ್ಲ ಅವನು ಮೊದಲಿಂದ ನೋಡ್ಲಿ, ಹಾರಬಹುದು ಅಂತ ಸಹಿನೂ ಅವನೇ ಹಾಕ್ಲಿ."

"ಮೇಸ್ತ್ರಿ, ಮರೆವು ಯಾರಿಗಿಲ್ಲ? ನನಗೆ ನಿಮ್ಮ ಮೇಲೆ ನಂಬಿಕೆ ಇದೆ" ಎಂದಳು ಡಾಕ್ಟರಮ್ಮ.

"ನನಗಿಲ್ಲ ತಾಯಿ. ಅವನು ನಿಧಾನ. ಆದ್ರೆ ಒಂದನ್ನೂ ಬಿಡೋನಲ್ಲ."

ಸೀಟಿನಲ್ಲೇ ನಿದ್ದೆ ಹೋಗಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು ಡಾಕ್ಟರಮ್ಮ ಹೊರಟುಹೋದಳು. ಗಂಡ ಹೆಂಡತಿ ನೆಲದ ಮೇಲಿನ ಸೀಟುಗಳಲ್ಲಿ ಅಕ್ಕಪಕ್ಕ ಕೂತರು. ಮೇಸ್ತ್ರಿ ಕೇಳಿದ: "ಗ್ಯಾಸ್ ಆರಿಸ್ದೆ ಬಿಡ್ತಿದ್ದದ್ದು ನಾನೇ ಅಲ್ವಾ?"

"ಹೂಂ."

"ಇನ್ನೇನೇನು ಮರೆತಿದ್ದೀನಿ, ಹೇಳು."

"ಬಿಡ್ರೀ ಅತ್ಲಾಗೆ."

"ಬಿಡೋಕಾಗಲ್ಲ ಕಣೇ. ನೆಲ ಬಿಚ್ಚಿದ ಮೇಲೆ ಪೂರ್ತಿ ನೋಡಿಬಿಡಬೇಕು."

ಸೂಜಿಯಮ್ಮ ಒಂದೊಂದೇ ಹೇಳಿದಳು. ಎರಡು ಸಲ ಊಟ, ದಾರಿ ತಪ್ಪಿ ಬೇರೆ ಬೀದಿಗೆ ಹೋಗಿದ್ದು, ಬೀಗ ಹಾಕದೆ ಬಿಟ್ಟಿದ್ದು. ಕೊನೆಯದೊಂದು ಉಳಿದಿತ್ತು.

"ಮೊನ್ನೆ ಮಗಳು ಫೋನ್ ಮಾಡಿದ್ಲಲ್ಲ. ಚೆನ್ನಾಗೇ ಮಾತಾಡಿದ್ರಿ. ಇಟ್ಟ ಮೇಲೆ 'ಯಾರೇ ಅದು, ಪಾಪ, ಒಳ್ಳೆ ಹುಡುಗಿ' ಅಂದ್ರಿ."

ಮೇಸ್ತ್ರಿ ಗ್ರೀಸು ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತ ಕೂತ.

"ಅವಳಿಗೆ ಹೇಳಿದ್ಯಾ?"

"ಹೇಗೆ ಹೇಳಲಿ?"

"ಫೋನ್ ಮಾಡಿ ಕೊಡು. ಅವಳು ಯಾರು ಅಂತ ಗೊತ್ತಿರೋವಾಗ್ಲೇ ನಾನೇ ಹೇಳಿಬಿಡ್ತೀನಿ."